ಅಪ್ಪನ ಕಾಲು, ಸಿಸ್ಟರಮ್ಮನ ಕೈ

ಸಿಸ್ಟರಮ್ಮನ ಬೆರಳುಗಳು ದಪ್ಪ, ದಿನಾ ಮುದ್ದೆ ತೊಳಸಿ ಗಟ್ಟಿಯಾದ ಬೆರಳುಗಳು. ಉಗುರು ಬುಡಕ್ಕೆ ಕತ್ತರಿಸಿರುತ್ತಿದ್ದರು. ಬಳೆಯಿಲ್ಲ, ಉಂಗುರವಿಲ್ಲ, ಎಡಗೈಗೆ ಗಂಡಸರ ವಾಚು ಒಂದೇ. ಆ ಬೆರಳು ಚಿಮುಟ ಹಿಡಿದಾಗ ನೋಡಬೇಕಿತ್ತು, ಕೂಸಿನ ಕಿವಿ ಒರೆಸುವಷ್ಟು ಹಗುರ. ನಮ್ಮಪ್ಪ ಇವತ್ತು ಎರಡು ಕಾಲಿನ ಮೇಲೆ ನಿಂತಿದ್ದರೆ ಅದು ಆ ಕೈಯಿಂದ.

ಅವರು ಮೂಗೂರಿನವರು. ಟಿ. ನರಸೀಪುರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನಂಜನಗೂಡಿನ ಆಸ್ಪತ್ರೆಗೆ ನರ್ಸ್ ಕೆಲಸಕ್ಕೆ ಬರುತ್ತಿದ್ದರು. ಬಾಯಲ್ಲಿ ಸದಾ ಒಂದೇ ಮಾತು: "ಎಲ್ಲಿ, ತೋರ್ಸಿ ನೋಡಾನ." ಗಾಯಕ್ಕೂ ಅದೇ, ಹುಡುಗರ ಮಾರ್ಕ್ಸ್ ಕಾರ್ಡಿಗೂ ಅದೇ, ಪಕ್ಕದವರ ಹೊಸ ಸೀರೆಗೂ ಅದೇ. ಬಾಳೆಹಣ್ಣಿನವನು ಮೇಲಿನ ಚಿಪ್ಪು ತೋರಿಸಿದರೆ ಇವರ ಕೈ ಅಡಿಯ ಚಿಪ್ಪಿಗೆ ಹೋಗುತ್ತಿತ್ತು. ಪಾಪ, ಅವನು ಇವರನ್ನು ದೂರದಲ್ಲಿ ಕಂಡ ಕೂಡಲೇ ಗೊನೆಯನ್ನೇ ತಿರುಗಿಸಿ ಇಡುತ್ತಿದ್ದ.

ನಮ್ಮಪ್ಪ ಇದಕ್ಕೆ ಪೂರ್ತಿ ಉಲ್ಟಾ, ತೋರಿಸುವ ಆಸಾಮಿಯೇ ಅಲ್ಲ. ನಮ್ಮೂರು ಹೆಮ್ಮರಗಾಲದಲ್ಲಿ ಅವನ ಮಾತಿಗೆ ಎದುರು ಮಾತಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿತ್ತು. ಬದುವಿನ ಮೇಲೆ ಏನೋ ಚುಚ್ಚಿ ಬಲ ಅಂಗಾಲಿಗೆ ಗಾಯವಾದದ್ದು ಅವನಿಗೇ ತಿಳಿದಿರಲಿಲ್ಲ. ತಿಳಿಯುವಷ್ಟರಲ್ಲಿ ಗಾಯಕ್ಕೆ ಹುಳ ಬಿದ್ದಿತ್ತು. ನಮ್ಮ ಕಡೆ ಎತ್ತಿನ ಗಾಯಕ್ಕೆ ಹುಳ ಬಿದ್ದರೆ ಸೀತಾಫಲದ ಸೊಪ್ಪು ಅರೆದು ತುಂಬುತ್ತಾರೆ. ಅಪ್ಪ ತನ್ನ ಕಾಲಿಗೂ ಅದನ್ನೇ ತುಂಬಿ, ಹಳೇ ಪಂಚೆ ಹರಿದು ಬಿಗಿಯಾಗಿ ಕಟ್ಟಿ, ನಮಗೆಲ್ಲ ಉಳುಕು ಎಂದುಬಿಟ್ಟ. ಮುಚ್ಚಿಟ್ಟದ್ದಕ್ಕೆ ಕಾರಣವಿತ್ತು. ಹುಳ ಬೀಳಲಿ ಅನ್ನುವುದು ನಮ್ಮಲ್ಲಿ ದೊಡ್ಡ ಶಾಪ. ನಾಲೆ ನೀರಿನ ಜಗಳದಲ್ಲಿ ಅಪ್ಪನೇ ಆ ಶಾಪವನ್ನು ಊರಿಗೆಲ್ಲ ಧಾರಾಳವಾಗಿ ಹಂಚಿದ್ದ. ಈಗ ತನ್ನ ಕಾಲನ್ನೇ ಯಾವ ಮುಖ ಇಟ್ಟುಕೊಂಡು ತೋರಿಸುತ್ತಾನೆ?

ಚಳಿಜ್ವರ ಬಂದು ಮಂಚ ಅಲ್ಲಾಡುವಂತೆ ನಡುಗತೊಡಗಿದಾಗ ನಂಜನಗೂಡಿಗೆ ಕರೆದುಕೊಂಡು ಹೋದೆವು. ಅಪ್ಪ ಡಾಕ್ಟರಿಗೆ "ಬರೀ ಜ್ವರ ಸಾ" ಎಂದ. ಡ್ರಿಪ್ ಹಾಕಲು ಬಂದ ಸಿಸ್ಟರಮ್ಮ ಕಾಲ ಬಳಿ ನಿಂತು ಮೂಗರಳಿಸಿದರು.

"ಎಲ್ಲಿ, ತೋರ್ಸಿ ನೋಡಾನ."

"ಉಳುಕು ಕಣವ್ವ. ಎಣ್ಮಕ್ಳು ಕಾಲು ಮುಟ್ಟಬಾರ್ದು, ಬುಡು."

"ಉಳುಕು ನಾರ್ತದಾ ಗೌಡ್ರೇ?"

ಕಟ್ಟು ಬಿಚ್ಚಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಮತ್ತೆ ತಿರುಗಿದಾಗ ಅಪ್ಪ ಮುಚ್ಚಿದ ಕಣ್ಣಲ್ಲೇ ನೀರು ಸುರಿಸುತ್ತ, "ನಾನು ಅಂದ ಮಾತು ನನ್ಗೇ ತಗಲ್ತು ಕಣವ್ವ. ಯಾರ್ಗೂ ಯೋಳ್ಬ್ಯಾಡ, ಇಂಗೇ ಓಗ್ಬುಡ್ತೀನಿ" ಎಂದ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಿಸ್ಟರಮ್ಮ ಸ್ಟೂಲು ಎಳೆದುಕೊಂಡು ಕೂತರು. "ನೊಣಕ್ಕೆ ಪಾಪ ಪುಣ್ಯ ಗೊತ್ತಾ? ಗಾಯ ಬಾಯ್ ಬುಟ್ಕಂಡಿತ್ತು, ಬಂದು ಮೊಟ್ಟೆ ಇಕ್ತು. ಅಷ್ಟೇಯ" ಎನ್ನುತ್ತ ಒಂದೊಂದೇ ಹುಳ ತೆಗೆಯತೊಡಗಿದರು. ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ಜೊತೆಗೆ ಮೂಗೂರಿನಲ್ಲಿ ಈ ಸಲ ಭತ್ತ ಹೇಗಿದೆ ಎಂಬ ಸಮಾಚಾರ ಬೇರೆ.

ಗಾಯ ನೋಡಿದ ಮೇಲೆ ಡಾಕ್ಟರು ಸುಮ್ಮನಿರಲಿಲ್ಲ. ನಂಜು ರಕ್ತಕ್ಕೆ ಹೋಗಿರಬೇಕು, ಕಾಲಿರಲಿ, ಜೀವಕ್ಕೂ ಹೇಳುವ ಹಾಗಿಲ್ಲ ಎಂದು ರಕ್ತ ತೆಗೆಸಿ ಮೈಸೂರಿಗೆ ಪರೀಕ್ಷೆಗೆ ಕಳಿಸಿದರು. ರಿಪೋರ್ಟಿನಲ್ಲಿ ನಾಲಗೆ ಹೊರಳದ ಒಂದು ಬ್ಯಾಕ್ಟೀರಿಯಾದ ಹೆಸರು ಬಂತು. ನೊಣದ ಹುಳದ ಜೊತೆಯಲ್ಲೇ ಇರುವಂಥದು, ಮನುಷ್ಯರ ರಕ್ತದಲ್ಲಿ ಸಿಗುವುದು ಬಹಳ ಅಪರೂಪ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅದಕ್ಕೆ ತಕ್ಕ ಔಷಧ ಹನಿಹನಿಯಾಗಿ ಇಳಿಯಿತು. ನೋಡಲು ಬಂದ ನೆಂಟರು ಬಾಗಿಲಲ್ಲಿ "ಏನು ಕರ್ಮವೋ" ಎಂದು ಪಿಸುಗುಟ್ಟಿದಾಗ ಸಿಸ್ಟರಮ್ಮ ಇಡೀ ವಾರ್ಡಿಗೆ ಕೇಳುವಂತೆ, "ಕರ್ಮ ಅಲ್ಲ, ನೊಣ! ನಿಮ್ ಕಾಲೂ ಎಲ್ಲಿ, ತೋರ್ಸಿ ನೋಡಾನ" ಎಂದರು. ನೆಂಟರು ಜಾಗ ಖಾಲಿ ಮಾಡಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ನನ್ನ ಸ್ವಂತ ಅಕ್ಕನೇ ಹಾಗೆ ಗದರಿದ ಹಾಗೆ.

ಜ್ವರ ಇಳಿಯಿತು, ಕಾಲು ಉಳಿಯಿತು. ಮನೆಗೆ ಹೊರಟಾಗ ಸಿಸ್ಟರಮ್ಮ ಅಪ್ಪನಿಗೆ ಮೆತ್ತನೆಯ ಕಪ್ಪು ಚಪ್ಪಲಿ ಕೊಡಿಸಿ, "ಮನೆ ಒಳ್ಗೂ ಬುಡಂಗಿಲ್ಲ. ಬರಿಗಾಲಲ್ಲಿ ಒಂದೆಜ್ಜೆ ಇಕ್ಕಿದ್ರೆ ನಾನೇ ಬತ್ತೀನಿ" ಎಂದರು. ಅಡುಗೆಮನೆಗೂ ಚಪ್ಪಲಿ ಬಂತಲ್ಲ ಎಂದು ಅಮ್ಮ ಬಹಳ ದಿನ ಗೊಣಗಿದಳು. ಅಪ್ಪ ಜಗ್ಗಲಿಲ್ಲ.

ಹೋದ ವರ್ಷ ಸಿಸ್ಟರಮ್ಮ ಎದೆನೋವೆಂದು ಮಲಗಿದವರು ಏಳಲಿಲ್ಲ. ಮೂಗೂರಿನ ಅವರ ಮನೆಯ ಮುಂದೆ ಬೆಂಚಿನ ಮೇಲೆ ಮಲಗಿಸಿದ್ದರು. ಬಂದವರೆಲ್ಲ ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಿದ್ದರು. ಅಪ್ಪ ಹಾರ ಹಿಡಿದು ಚಪ್ಪಲಿಯಲ್ಲೇ ನಡೆದ.

"ಗೌಡ್ರೇ, ಚಪ್ಲಿ!" ಎಂದು ಯಾರೋ ಕೂಗಿದರು.

"ಬುಡಬ್ಯಾಡ ಅಂದಿರೋಳೇ ಈಯಮ್ಮ ಕಣ್ಲಾ" ಎಂದ ಅಪ್ಪ, ತಿರುಗಿಯೂ ನೋಡದೆ.

ಹಾರ ಹಾಕಿದ. ಆಮೇಲೆ ಅಷ್ಟು ಜನರ ಎದುರಿಗೆ ಪಂಚೆಯನ್ನು ಮೇಲಕ್ಕೆತ್ತಿ ಬಲಗಾಲನ್ನು ಮುಂದಕ್ಕಿಟ್ಟ.

"ನೋಡವ್ವ" ಎಂದ. "ಚೆನ್ನಾಗದೆ."