ಗಿರಿಜಾ ಬೈದ ಭಾನುವಾರಗಳು

ಬೆಳಿಗ್ಗೆ ಕಾರಿನ ಪ್ಲಗ್ಗು ಒರೆಸಿದ ಕೈಗೆ ಎಷ್ಟು ಸೋಪು ಹಚ್ಚಿದರೂ ಪೆಟ್ರೋಲಿನ ವಾಸನೆ ಹೋಗಲಿಲ್ಲ. ತಿಂಡಿಗೆ ಕೂತು ರೊಟ್ಟಿ ಮುರಿದಾಗಲೂ ಅದೇ. ನಿಮಗೆ ಅದು ಕೆಟ್ಟ ವಾಸನೆ ಅನ್ನಿಸಬಹುದು. ನನಗೆ ಗಿರಿಜಾ ಪಕ್ಕದಲ್ಲಿ ಬಂದು ಕೂತಂತಾಯಿತು.

ನಮ್ಮವರು ತೀರಿಕೊಂಡ ಮೇಲೆ ಅವರ ಕಾರು ಶಿಕಾರಿಪುರದ ನಮ್ಮ ಅಂಗಳದಲ್ಲಿ ವರ್ಷಗಟ್ಟಲೆ ನಿಂತೇ ಇತ್ತು. ಹೈಸ್ಕೂಲು ಮೇಷ್ಟ್ರಾಗಿದ್ದ ಅವರು ಕೊಂಡಾಗಲೇ ಹಳೆಯದಾಗಿದ್ದ ಆ ಕಾರನ್ನು ಹೊಸ ಅಳಿಯನಂತೆ ಉಪಚರಿಸಿದರು. ನಾನು ಬಾಗಿಲು ಜೋರಾಗಿ ಹಾಕಿದೆನೆಂದು ಇಡೀ ದಿನ ಮಾತು ಬಿಟ್ಟದ್ದೂ ಉಂಟು. ಅವರು ಹೋದ ಮೇಲೆ ನಾನು ಅದರ ಬಾನೆಟ್ಟಿನ ಮೇಲೆ ಹಪ್ಪಳ ಒಣಗಿಸಿದೆ. "ಗುಜರಿಗೆ ಹಾಕಿಬಿಡ್ರಿ ಅತ್ತಿಗೆ" ಎಂದು ಮೈದುನ ಬಂದಾಗಲೆಲ್ಲ ಹೇಳುತ್ತಿದ್ದ. ಹೂಂ ಅನ್ನುತ್ತಿದ್ದೆ, ಹಾಕುತ್ತಿರಲಿಲ್ಲ.

ಗಿರಿಜಾ ನನ್ನ ಜೊತೆ ಹಾಸ್ಟೆಲಿನಲ್ಲಿದ್ದು ಓದಿದವಳು, ಮದುವೆಯಾಗಿ ಸೊರಬದಲ್ಲಿದ್ದಳು. ಅವಳಪ್ಪ ಅಲ್ಲೇ ಹತ್ತಿರದ ಜಡೆ ಎಂಬ ಊರಿನಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದರು. ಜೀಪಿನಡಿ ಮಲಗಿದ ಅಪ್ಪನಿಗೆ ಸ್ಪ್ಯಾನರ್ ಎತ್ತಿಕೊಡುತ್ತ ಬೆಳೆದ ಹುಡುಗಿ. ಒಂದು ಭಾನುವಾರ ಬಸ್ಸಿಳಿದು ಬಂದವಳು ಹಪ್ಪಳ ಕಂಡು ನಿಂತುಬಿಟ್ಟಳು.

"ಇದೆಂತದೇ ಮಾರಾಯ್ತಿ? ಕಾರೋ, ಮಾಳಿಗೆಯೋ?"

"ಸ್ಟಾರ್ಟ್ ಆಗಲ್ಲ ಕಣೇ."

"ನಾವೇ ಬಿಚ್ಚಿ ನೋಡಾಣ ತಗೋ. ಹಾಳಾಗಕ್ಕೆ ಇನ್ನೇನು ಉಳಿದಿದೆ ಇದರಲ್ಲಿ?"

ಅಲ್ಲಿಂದ ಮುಂದೆ ಭಾನುವಾರಗಳೆಲ್ಲ ಅಂಗಳದಲ್ಲೇ ಕಳೆದವು. ಹಳೇ ಸೀರೆ ಹಾಸಿ, ಬಿಚ್ಚಿದ್ದನ್ನೆಲ್ಲ ಅದರ ಮೇಲೆ ಸಾಲಾಗಿ ಇಡುತ್ತಿದ್ದೆವು. ಎಂಜಿನ್ನಿಗೆ ಗಾಳಿ ಹೋಗುವ ಡಬ್ಬಿಯೊಳಗೆ ಇಲಿ ಸಂಸಾರ ಹೂಡಿತ್ತು. ಹಿಟ್ಟು ಕಲಸುವ ಬೋಗುಣಿಯಲ್ಲಿ ಪೆಟ್ರೋಲು ಸುರಿದು ಕಾರ್ಬೊರೇಟರ್ ತೊಳೆದೆವು. ಆ ಬೋಗುಣಿ ಮತ್ತೆ ಅಡುಗೆಮನೆ ಕಾಣಲಿಲ್ಲ. ಎಲ್ಲ ಜೋಡಿಸಿದ ಮೇಲೆ ಒಂದು ಬೋಲ್ಟು ಸೀರೆಯ ಮೇಲೇ ಉಳಿಯಿತು. ಗಿರಿಜಾ ಅದನ್ನು ಅತ್ತಿತ್ತ ತಿರುಗಿಸಿ, "ಇದು ಕಂಪನಿಯವರು ಹೆಚ್ಚಿಗೆ ಕೊಟ್ಟಿದ್ದು" ಎಂದಳು. ಮುಂದಿನ ವಾರ ತೆಪ್ಪಗೆ ಎಲ್ಲವನ್ನೂ ಮತ್ತೆ ಬಿಚ್ಚಿದೆವು.

ಹೊಸ ಬ್ಯಾಟರಿ ಕೂರಿಸಿದ ದಿನ ಕಾರು ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಹಿಡಿದುಕೊಂಡಿತು. ಗಿರಿಜಾ ಕೆಳಗಿಳಿದು "ಕೂತ್ಕೋ" ಎಂದಳು. ನಮ್ಮವರು ಉದ್ದ ಕಾಲಿನವರು. ನನ್ನ ಪಾದ ಕ್ಲಚ್ಚಿಗೆ ಎಟುಕಲಿಲ್ಲ.

"ಸೀಟು ಮುಂದೆ ತಗೋ."

"ಬೇಡ. ಇದು ಅವರು ಕೂತಿದ್ದ ಹಂಗೇ ಇದೆ. ಬೆನ್ನಿಗೆ ದಿಂಬು ಇಟ್ಕೋತೀನಿ."

ಎಲ್ಲದಕ್ಕೂ ಬೈಯುವ ಗಿರಿಜಾ ಅವತ್ತು ಬೈಯಲಿಲ್ಲ. ಒಳಗೆ ಹೋಗಿ ದಿಂಬು ತಂದುಕೊಟ್ಟು ಪಕ್ಕದಲ್ಲಿ ಕೂತಳು. ದಿಂಬು ಜಾರಿತು, ಅದರ ಜೊತೆ ನಾನೂ ಜಾರಿದೆ, ಕಾರು ಜಿಗಿದು ಆರಿತು. ಮತ್ತೆ ಸ್ಟಾರ್ಟ್ ಮಾಡಿದರೂ ಅದೇ ಕತೆ. ಕಡೆಗೆ ನಾನೇ ದಿಂಬನ್ನು ಹಿಂದಕ್ಕೆ ಎಸೆದು, ಕೆಳಗೆ ಕೈಹಾಕಿ ಸರಳು ಎಳೆದೆ. ಸೀಟು ಕಿರ್ರೆಂದು ಮುಂದೆ ಬಂತು. ಸ್ಟೇರಿಂಗಿಗೆ ಹಣೆಯಿಟ್ಟು ಅತ್ತೆ.

ಗಿರಿಜಾ ಮುಂದಿನ ಗಾಜನ್ನೇ ನೋಡುತ್ತ, "ಅತ್ತು ಮುಗಿದ ಮೇಲೆ ಕ್ಲಚ್ಚು ಒತ್ತು" ಎಂದಳು.

ಶಿರಾಳಕೊಪ್ಪದ ರಸ್ತೆಯಲ್ಲಿ ಅವಳ ಬೈಗುಳ ಕೇಳುತ್ತಲೇ ಕಾರು ಕಲಿತೆ. ಲೈಸೆನ್ಸು ಬಂದ ಮೇಲೂ ಭಾನುವಾರ ನಿಲ್ಲಲಿಲ್ಲ. ಕುಪ್ಪಗಡ್ಡೆಗೋ ಇನ್ನೆಲ್ಲಿಗೋ ಕಾರಣವಿಲ್ಲದೆ ಹೋಗಿಬರುತ್ತಿದ್ದೆವು.

ಹೋದ ವರ್ಷ ಗಿರಿಜಾ ಹೋದಳು. ಎದೆನೋವೆಂದು ಶಿವಮೊಗ್ಗಕ್ಕೆ ಕರೆದೊಯ್ಯುವ ದಾರಿಯಲ್ಲೇ. ಆಮೇಲೆ ನಾನು ಕಾರನ್ನು ಪೇಟೆಗೆ ಒಯ್ದೆ, ಗಿರಣಿಗೆ ಒಯ್ದೆ. ಸೊರಬದ ದಾರಿಯಲ್ಲಿ ಶಿರಾಳಕೊಪ್ಪ ಮಾತ್ರ ದಾಟಲಿಲ್ಲ. ನಮ್ಮವರ ನೆನಪಿಗೆಂದು ಉಳಿಸಿಕೊಂಡ ಕಾರು ಅದು. ಈಗ ಬಾಗಿಲು ತೆಗೆದರೆ ಕಣ್ಣು ಮೊದಲು ಹೋಗುವುದು ಪಕ್ಕದ ಸೀಟಿಗೆ. ನಮ್ಮವರಿಗೆ ಇದರಿಂದ ಬೇಜಾರಾಗಲಾರದು ಅಂದುಕೊಂಡಿದ್ದೇನೆ.

ಇವತ್ತು ತಿಂಡಿ ತಿಂದವಳು ಸೀದಾ ಸೊರಬಕ್ಕೆ ಹೊರಟೆ. ಗಿರಿಜಾಳ ಯಜಮಾನರು ನಾಗಪ್ಪನವರು ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಹೆಂಡತಿ ಎಷ್ಟು ಕರೆದರೂ ಒಮ್ಮೆಯೂ ಆ ಕಾರು ಹತ್ತಿದವರಲ್ಲ.

"ಬರ್ರಿ" ಎಂದು ಎದ್ದರು. ಒಳಗೆ ಕರೆಯಲಿಲ್ಲ. "ಚಾ ಆಮೇಲೆ ಕುಡಿಯಾಣ. ಒಂದು ಸುತ್ತು ಕರ್ಕೊಂಡು ಹೋಗ್ತೀರೇನ್ರೀ?"

ಊರು ದಾಟಿದ ಮೇಲೆ ಅವರು ತಾವು ಕೂತ ಸೀಟನ್ನು ತಟ್ಟಿದರು.

"ಇಲ್ಲೇ ಕೂತು ನಿಮಗೆ ಬೈತಿದ್ಲಂತೆ?"

"ಬೈತಿದ್ಲು."

"ಹೆಂಗೆ ಬೈತಿದ್ಲು, ಒಂಚೂರು ಹೇಳ್ರೀ. ಮನೇಲಿ ಈಗ ಬೈಯೋರೇ ಇಲ್ಲ."

ನಾನು ಗೇರು ಬದಲಿಸಿ, ಅವಳ ದನಿಯಲ್ಲೇ ಶುರು ಮಾಡಿದೆ. ಅವಳ ತವರೂರು ಜಡೆ ಬಂದರೂ ಅವರು ಸಾಕು ಅನ್ನಲಿಲ್ಲ.