ಮೂರು ಚಕ್ರದ ಬೈಕಿನ ಸೀಟು

ಸ್ವೀಡನ್ನಿನ ವೆಸ್ಟೆರಾಸಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಆರು ವರ್ಷದಲ್ಲಿ ನನ್ನನ್ನು ಏನೂ ಕೇಳಿದವರಲ್ಲ. ಮೊದಲ ಚಳಿಗಾಲದಲ್ಲಿ ಹಿಮದ ಮೇಲೆ ಕಾರು ಓಡಿಸುವುದನ್ನು ಕಲಿಸಿದವರು ಅವರು. ಮಗಳಿಗೆ ದಾಗಿಸ್ ಎಂಬ ಇಲ್ಲಿಯ ಶಿಶುವಿಹಾರದಲ್ಲಿ ಜಾಗ ಸಿಗುವವರೆಗೂ ನಮ್ಮ ಪರವಾಗಿ ಕೊಮ್ಯೂನ್, ಅಂದರೆ ನಗರಸಭೆಯ, ಕಚೇರಿಗೆ ಫೋನು ಮಾಡುತ್ತಲೇ ಇದ್ದವರೂ ಅವರೇ. ಅಂಥವರು ಕಳೆದ ಆಗಸ್ಟಿನಲ್ಲಿ ಒಂದು ಮುರಿದ ಸೀಟು ಹಿಡಿದು ಬಾಗಿಲಿಗೆ ಬಂದರು. ಇದು ರಿಪೇರಿ ಆಗುತ್ತದೆಯೇ ಎಂದು ಕೇಳಿದರು. ಸರಿಯಾಗಿ ನೋಡುವ ಮೊದಲೇ, ಆಗುತ್ತೆ, ನಾನೇ ಮಾಡಿಕೊಡುತ್ತೇನೆ ಅಂದುಬಿಟ್ಟೆ.

ದೊಡ್ಡವರು ಬಾಯಿಬಿಟ್ಟು ಕೇಳಿದಾಗ ಮುಖದ ಮೇಲೆ ಆಗಲ್ಲ ಅನ್ನುವುದನ್ನು ನಮ್ಮ ದಾವಣಗೆರೆಯ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಮೊದಲು ಹೂಂ ಅನ್ನಬೇಕು, ಆಮೇಲೆ ನೋಡಿಕೊಂಡರಾಯಿತು. ನಾವು ಬೆಳೆದದ್ದೇ ಹಾಗೆ.

ಅದು ಅವರ ಹಳೆಯ ಮೂರು ಚಕ್ರದ ಕಾಡು ಬೈಕಿನ ಸೀಟು. ಮುಂದೊಂದು, ಹಿಂದೆರಡು ದಪ್ಪ ಗಾಲಿಯ ಆ ಗಾಡಿಯನ್ನು ಈಗ ಯಾರೂ ಮಾಡುವುದಿಲ್ಲ, ಅದರ ಸೀಟೂ ಎಲ್ಲಿಯೂ ಸಿಗುವುದಿಲ್ಲ. ಮೇಲಿನ ರೆಕ್ಸಿನ್, ಸ್ಪಂಜು ಚೆನ್ನಾಗಿದ್ದವು. ಅಡಿಯ ಪ್ಲಾಸ್ಟಿಕ್ ಮಾತ್ರ ಅಷ್ಟೂ ಚಳಿಗಾಲಗಳನ್ನು ಉಂಡು ಹಪ್ಪಳವಾಗಿತ್ತು. ಅಜ್ಜನಿಗೆ ಸೊಂಟದ ಆಪರೇಷನ್ ಆಗಿ ದೂರ ನಡೆಯಲಾಗುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಊರವರು ತಂಡ ಕಟ್ಟಿಕೊಂಡು ಮೂಸ್ ಎಂಬ ದೈತ್ಯ ಕಡವೆಯ ಬೇಟೆಗೆ ಹೋಗುವಾಗ ಅವರು ಕಾದು ಕೂರುವ ಜಾಗ ಕಾಡಿನ ಒಳಗಿತ್ತು. ಕಾರು ನುಗ್ಗದ ಆ ದಾರಿಯಲ್ಲಿ ಈ ಗಾಡಿಯೊಂದೇ ಹೋಗುತ್ತಿತ್ತು. ಹಿಂದಿನ ವರ್ಷ ಆಸ್ಪತ್ರೆಯಲ್ಲಿದ್ದುದರಿಂದ ಅವರು ಹೋಗಿರಲಿಲ್ಲ. ಈ ವರ್ಷವೂ ಹೋಗದಿದ್ದರೆ ಜಾಗ ಬೇರೆಯವರಿಗೆ. ಅವರ ಅಪ್ಪ ಕೂತ ಜಾಗವಂತೆ ಅದು.

ನಾನು ವಿದ್ಯುತ್ ಉಪಕರಣಗಳ ಇನ್ಸುಲೇಷನ್ ಎಂಜಿನಿಯರು. ಪ್ಲಾಸ್ಟಿಕ್ ಎಂದರೆ ನನಗೆ ಎಲ್ಲ ಗೊತ್ತು ಎಂದು ಅಜ್ಜ ನಂಬಿದ್ದರು, ನಿಜ ಹೇಳಬೇಕೆಂದರೆ ನಾನೂ ನಂಬಿದ್ದೆ. ಮೊದಲು ದುಬಾರಿ ಅಂಟು ತಂದು ಬಳಿದೆ. ಎರಡು ದಿನ ಬಿಟ್ಟು ನೋಡಿದರೆ ಹಾಲಿನ ಕೆನೆಯಂತೆ ಇಡಿಯಾಗಿ ಎದ್ದು ಬಂತು. ಆಮೇಲೆ, ಚಿಕ್ಕಂದಿನಲ್ಲಿ ದಾವಣಗೆರೆಯ ನಮ್ಮ ಬೀದಿಗೆ ಬಂದು ಒಡೆದ ಬಕೆಟ್, ಬಿಂದಿಗೆಗಳಿಗೆ ಕಾದ ಕಬ್ಬಿಣದಿಂದ ತೇಪೆ ಹಾಕುತ್ತಿದ್ದವನ ನೆನಪಾಯಿತು. ಹೆಂಡತಿಯ ಒಳ್ಳೆಯ ಬಕೆಟ್ಟನ್ನೇ ಕತ್ತರಿಸಿ, ಸೋಲ್ಡರಿಂಗ್ ಕಡ್ಡಿ ಕಾಯಿಸಿ ಕೂತೆ. ಬಿಂದಿಗೆಯವನ ಕೈಯಲ್ಲಿ ಕರಗಿ ಕೂಡುತ್ತಿದ್ದದ್ದು ನನ್ನ ಕೈಯಲ್ಲಿ ಪಕ್ಕಕ್ಕೆ ಹೊಸ ಬಿರುಕು ಬಿಡುತ್ತಿತ್ತು. ಅದನ್ನು ಮುಚ್ಚಿದರೆ ಇನ್ನೊಂದು. ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು, ಕೈ ಮಾತ್ರ ಬಿಡಲೊಲ್ಲದು.

"ಆಗಲ್ಲ ಅಂತ ಹೇಳ್ಬಿಡ್ರೀ, ಅವರೇನು ತಪ್ಪು ತಿಳ್ಕೊಳಲ್ಲ," ಎಂದಳು ಹೆಂಡತಿ.

ಹೇಳಬೇಕೆಂದೇ ನಾಲ್ಕು ಸಲ ಬೇಲಿಯ ಹತ್ತಿರ ಹೋದೆ. ಅಜ್ಜ ಒಮ್ಮೆಯೂ ಅವಸರ ಮಾಡಲಿಲ್ಲ, ಹೇಗೆ ನಡೆದಿದೆ ಎಂದು ಮಾತ್ರ ಕೇಳುತ್ತಿದ್ದರು. ನಾಲ್ಕೂ ಸಲ, ಹೆಚ್ಚುಕಡಿಮೆ ಮುಗಿದಿದೆ ಎಂದು ಹೇಳಿ ವಾಪಸು ಬಂದೆ. ಸೆಪ್ಟೆಂಬರ್ ಹೀಗೇ ಕಳೆಯಿತು.

ಬೇಟೆಯ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಅಡಿಭಾಗಕ್ಕೆ ಅಲ್ಯೂಮಿನಿಯಂ ಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿದು ಸೀಟು ಕೊಟ್ಟೆ. ನೋಡಲು ಗಟ್ಟಿಯಾಗಿಯೇ ಇತ್ತು. ಅಜ್ಜ ಅದನ್ನು ಗಾಡಿಗೆ ಕೂರಿಸಿ, ಕೋಲು ಗೋಡೆಗೆ ಒರಗಿಸಿ, ನಿಧಾನ ಕಾಲೆತ್ತಿ ಹತ್ತಿದರು. ಅಂಗಳ ದಾಟುವುದರೊಳಗೆ ಅಡಿಯಲ್ಲಿ ಚಟಪಟ ಸದ್ದಾಯಿತು. ಸ್ಕ್ರೂ ಹಾಕಿದ ತೂತುಗಳಿಂದಲೇ ಬಿರುಕು ಹೊರಟು ಸೀಟು ನಡುವೆ ಎರಡಾಗಿ, ಅವರು ಒಂದು ಕಡೆಗೆ ವಾಲಿದರು. ಓಡಿಹೋಗಿ ಹಿಡಿದುಕೊಂಡೆ. ಅವರಿಗೆ ಪೆಟ್ಟಾಗಲಿಲ್ಲ.

ಅಜ್ಜ ಅಲ್ಲಿಯೇ ನಿಂತು ಬೇಟೆಯ ತಂಡದ ಮುಖ್ಯಸ್ಥನಿಗೆ ಫೋನು ಮಾಡಿದರು. ನಾಳೆ ಬರಲಾಗುವುದಿಲ್ಲ, ಜಾಗ ಹುಡುಗರಿಗೆ ಕೊಟ್ಟುಬಿಡಿ ಎಂದರು. ಅರ್ಧ ನಿಮಿಷದ ಮಾತು ಅಷ್ಟೆ. ನಾನು ಕ್ಷಮೆ ಕೇಳಿದೆ, ಸ್ವೀಡಿಷಿನಲ್ಲಿ ಬರುವಷ್ಟೂ ರೀತಿಯಲ್ಲಿ ಕೇಳಿದೆ. ಅವರು ತುಂಡಾದ ಪ್ಲಾಸ್ಟಿಕ್ಕನ್ನು ತಿರುಗಿಸಿ ನೋಡುತ್ತಿದ್ದರು. ನಲವತ್ತು ವರ್ಷ ಬಡಗಿ ಕೆಲಸ ಮಾಡಿದ ಕೈ.

"ಆಗಲ್ಲ ಅಂತ ಆಗಸ್ಟಲ್ಲೇ ಹೇಳಿದ್ರೆ ನಾನೇ ಪ್ಲೈವುಡ್ಡಲ್ಲಿ ಮಾಡ್ಕೋತಿದ್ದೆ," ಎಂದರು. ದನಿಯಲ್ಲಿ ಕೋಪವೇ ಇರಲಿಲ್ಲ. "ಒಂದು ವಾರದ ಕೆಲಸ. ನೀನು ಮಾಡ್ತೀನಿ ಅಂದಿದ್ದೆಯಲ್ಲ, ಅದಕ್ಕೇ ಕೈ ಹಾಕಲಿಲ್ಲ."