ಸುತ್ತಿಗೆಯ ಎಡಗಿವಿ

ಆ ಮನೆಯ ಹೆಣ್ಣುಮಕ್ಕಳು ನಡೆಯುವುದಕ್ಕಿಂತ ಮೊದಲು ಬೀಳುವುದನ್ನು ಕಲಿತರು. ಅಪ್ಪ ಬಾಕ್ಸಿಂಗ್ ಕೋಚು. ಮಹಡಿಯ ಮೇಲೆ ಸಂಸಾರ, ಕೆಳಗೆ ರಿಂಗು. ಊಟಕ್ಕೆ ಕರೆಯುವ ಗಂಟೆಯೂ ಸುತ್ತು ಮುಗಿಸುವ ಗಂಟೆಯೂ ಒಂದೇ ದನಿಯವು. ಹಾಗಾಗಿ, ಸುತ್ತು ಮುಗಿಯಿತೆಂದು ಕೈ ಇಳಿಸಿ ಮೂಗು ಒಡೆಸಿಕೊಂಡ ಶೂರರು ಆ ಬೀದಿಯಲ್ಲಿ ಹಲವರಿದ್ದರು.

ದೊಡ್ಡವಳಿಗೆ ರಿಂಗಿನಲ್ಲಿ ಸುತ್ತಿಗೆ ಎಂದು ಹೆಸರು, ಚಿಕ್ಕವಳಿಗೆ ಸಿಡಿಲು. ಹೆತ್ತವರು ಇಟ್ಟ ಹೆಸರುಗಳೂ ಇದ್ದವು, ಆದರೆ ಅವು ಶಾಲೆಯ ಹಾಜರಿ ಪುಸ್ತಕದಲ್ಲೇ ನಿದ್ದೆ ಹೋಗಿದ್ದವು. ಸುತ್ತಿಗೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಡಿದು ಎದುರಾಳಿಯನ್ನು ನೆಲಕ್ಕೆ ಇಳಿಸುವವಳು. ಸಿಡಿಲಿಗೆ ತಾನು ಎಲ್ಲಿ ಬೀಳುತ್ತೇನೆಂಬುದು ತನಗೇ ಗೊತ್ತಿರುತ್ತಿರಲಿಲ್ಲ. ಒಂದು ಸಂಜೆ ಅಭ್ಯಾಸದ ಸುತ್ತಿನಲ್ಲಿ ಅದು ಅಕ್ಕನ ಎಡಗಿವಿಯ ಮೇಲೆ ಬಿತ್ತು.

ಬಲಗೈ ಹುಕ್ಕು, ಅರ್ಧ ಚಂದ್ರಾಕಾರದಲ್ಲಿ ಬಂದು ಪೂರ್ಣ ಚಂದ್ರನನ್ನು ತೋರಿಸುವಂಥದ್ದು. ಅಕ್ಕ ರಿಂಗಿನ ಹಗ್ಗದ ಮೇಲೆ ಒಗೆದ ಬಟ್ಟೆಯ ಹಾಗೆ ನೇತುಬಿದ್ದಳು. ಕಿವಿಯಿಂದ ಇಳಿದ ರಕ್ತ ಕತ್ತು ದಾಟಿ ಅಂಗಿಯ ಕಾಲರಿನಲ್ಲಿ ಇಂಗಿತು. ಅಪ್ಪ ಓಡೋಡಿ ಬಂದರು. ಬಂದವರು ಮೊದಲು ಚಿಕ್ಕವಳ ಬೆನ್ನು ತಟ್ಟಿದರು.

"ಭಲೇ! ಹುಕ್ಕು ಅಂದ್ರೆ ಇದು ಕಣೇ!" ಆಮೇಲೆ ದೊಡ್ಡವಳ ಕಡೆ ತಿರುಗಿ, "ಕೈ ಮೇಲಿಡು ಅಂತ ಎಷ್ಟು ಸಲ ಹೇಳ್ಲಿ? ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಬಿಡ್ತೀಯ!"

ಆ ಸೌಲಭ್ಯ ಅವಳಿಗೆ ಅಂದಿಗೇ ತಪ್ಪಿತು. ಡಾಕ್ಟರು ಟಾರ್ಚು ಹಾಕಿ ಇಣುಕಿ, ಈ ಕಿವಿ ಇನ್ನು ಕಿವಿಯೋಲೆ ತೂಗುಹಾಕುವುದಕ್ಕೆ ಮಾತ್ರ ಎಂದರು. ಸುತ್ತಿಗೆ ಮನೆಗೆ ಬಂದು, "ಎರಡು ದಿನದಲ್ಲಿ ಸರಿಹೋಗುತ್ತಂತೆ" ಎಂದಳು. ಸಿಡಿಲಿನ ಮೊದಲ ದೊಡ್ಡ ಪಂದ್ಯ ಹತ್ತಿರದಲ್ಲಿತ್ತು. ಹೊಡೆಯುವ ಮೊದಲು ಯೋಚಿಸುವ ಬಾಕ್ಸರಿಗೆ ಯೋಚನೆ ಮುಗಿಯುವ ಹೊತ್ತಿಗೆ ಹಲ್ಲಿರುವುದಿಲ್ಲ. ತಂಗಿ ಯೋಚಿಸುವುದು ಅಕ್ಕನಿಗೆ ಬೇಕಿರಲಿಲ್ಲ. ಅವಳು ಗ್ಲೌಸು ಕಳಚಿ ಮೊಳೆಗೆ ನೇತುಹಾಕಿ, "ಬೇಜಾರಾಯ್ತು" ಎಂದಳು. ಮುಂದಿನ ವರ್ಷ ವಿಶ್ವವಿದ್ಯಾಲಯ ಸೇರಿ, ವಿಡಿಯೋ ಗೇಮುಗಳಿಗೆ ಶಬ್ದ ಕಟ್ಟುವ ವಿದ್ಯೆ ಹಿಡಿದಳು. ಅರ್ಧ ಲೋಕ ಮೌನವಾದ ಮೇಲೆ ಉಳಿದ ಅರ್ಧದ ಸದ್ದಿನ ಮೇಲೆ ಅವಳಿಗೆ ಭಾರಿ ಆಸೆ ಹುಟ್ಟಿತ್ತು.

ಆ ವಿಭಾಗ ನೆಲಮಾಳಿಗೆಯಲ್ಲಿತ್ತು. ಅಲ್ಲಿಂದ ದಿನವಿಡೀ ಏಳುತ್ತಿದ್ದ ಆರ್ತನಾದಗಳಿಗೆ ಮೇಲಿನ ಗ್ರಂಥಾಲಯದವರು ಎಷ್ಟು ಒಗ್ಗಿಹೋಗಿದ್ದರೆಂದರೆ, ನಿಜವಾಗಿ ಯಾರನ್ನಾದರೂ ಮುಗಿಸಬೇಕೆಂದಿದ್ದವರಿಗೆ ಆ ಕಟ್ಟಡಕ್ಕಿಂತ ಪ್ರಶಸ್ತವಾದ ಸ್ಥಳವಿರಲಿಲ್ಲ. ಮಾತುಮಾತಿಗೆ ತುಟಿಯ ಮೇಲೆ ಬೆರಳಿಡುತ್ತಿದ್ದ ಮುಖ್ಯಸ್ಥರನ್ನು ಎಲ್ಲರೂ ಶ್ ಮೇಷ್ಟ್ರು ಎನ್ನುತ್ತಿದ್ದರು. ಇರುವೆ ಕಂಡರೆ ದಾಟಿ ಹೋಗುವ ಸಾಧು ಮನುಷ್ಯ. ಪಾಠ ಮಾತ್ರ ತಲೆಬುರುಡೆ ಬಿರಿಸುವುದು ಹೇಗೆ, ಪಕ್ಕೆಲುಬು ಮುರಿಸುವುದು ಹೇಗೆ ಎಂಬುದರ ಮೇಲೆ. ಮೊದಲ ದಿನವೇ ಅವರು ಘೋಷಿಸಿದರು: "ಕಣ್ಣು ಮುಚ್ಚಿದ್ರೆ ಎರಡು ಕಿವಿ ಕಣ್ಣಾಗಬೇಕು. ಆಗದೇ ಇರೋರು ಚಿತ್ರಕಲೆಗೆ ಹೋಗಿ, ಮೇಲಿನ ಮಹಡಿ." ಸುತ್ತಿಗೆ ತಲೆಗೂದಲನ್ನು ಎಡಗಿವಿಯ ಮೇಲೆ ಎಳೆದುಕೊಂಡಳು.

ಮೊದಲ ವಾರ ಅವಳು ಮಹಾ ಗರ್ವದಿಂದ ಒಂದು ಅಪ್ಪಟ ಏಟನ್ನು ತಂದಳು. ಹೊಟ್ಟೆಯ ಪಕ್ಕ ಮೈಕು ಕಟ್ಟಿಕೊಂಡು ತಂಗಿಯಿಂದ ಗುದ್ದಿಸಿಕೊಂಡು ಧ್ವನಿಮುದ್ರಿಸಿದ್ದು. ತರಗತಿಯ ದೊಡ್ಡ ಸ್ಪೀಕರಿನಲ್ಲಿ ಅದು "ಪುಸ್" ಎಂದಿತು.

"ಇದೇನಮ್ಮ, ದಿಂಬು ಬಿತ್ತಾ?"

"ನಿಜವಾದ ಏಟು ಸರ್. ನಾನು ವಾಂತಿ ಮಾಡ್ಕೊಂಡೆ."

"ಹೌದು, ವಾಂತಿ ಚೆನ್ನಾಗಿ ಬಂದಿದೆ. ಅದನ್ನ ಇಟ್ಕೊಳ್ಳಿ. ಏಟು ಬಿಸಾಕಿ."

ಅಂದು ಅವಳಿಗೆ ಜ್ಞಾನೋದಯವಾಯಿತು. ನಿಜದ ಹಿಂಸೆಗೆ ಸದ್ದಿಲ್ಲ. ಸದ್ದನ್ನು ಬೇರೆ ಕಡೆಯಿಂದ ಕಡ ತಂದು ಅಂಟಿಸಬೇಕು. ಒಂದೊಂದು ಏಟಿಗೂ ನಾಲ್ಕು ಪದರ: ಗಾಳಿ ಸೀಳುವುದಕ್ಕೆ ಬೆತ್ತ, ಮಾಂಸಕ್ಕೆ ಒದ್ದೆ ಟವೆಲ್ಲು, ಮೂಳೆಗೆ ಒಣ ಬಿದಿರು, ಕೊನೆಯಲ್ಲಿ ರಕ್ತ ಚಿಮ್ಮುವುದಕ್ಕೆ ಸೀಬೆಹಣ್ಣು ಹಿಸುಕಬೇಕು. ಇದರಲ್ಲಿ ಸುತ್ತಿಗೆ ಎತ್ತಿದ ಕೈ ಎನಿಸಿದಳು. ಚರ್ಮದ ಜಾಕೆಟ್ಟಿನೊಳಗೆ ಎಲೆಕೋಸು ತುರುಕಿ ಅವಳು ಒಡೆದ ತಲೆಯ ಸದ್ದು ಕೇಳಿ, ಪಕ್ಕದ ಬೆಂಚಿನ ಗುಂಗುರು ಕೂದಲಿನ ಹುಡುಗ ತನ್ನ ತಲೆ ಮುಟ್ಟಿ ನೋಡಿಕೊಂಡಿದ್ದ. ಆ ಕೂದಲಿನಿಂದ ಅವನ ಹೆಸರೇ ಗುಂಗುರು ಎಂದಾಗಿತ್ತು.

ಆದರೆ ಏಟಿಗೆ ಒಂದು ಕಿವಿ ಸಾಕು, ದಿಕ್ಕಿಗೆ ಎರಡು ಬೇಕು. ಪದವಿ ಸಿಗಬೇಕಾದರೆ ಕತ್ತಲ ಪರೀಕ್ಷೆ ದಾಟಬೇಕು. ವಿದ್ಯಾರ್ಥಿ ಒಂದು ಹೊಡೆದಾಟದ ಗೇಮಿಗೆ ಪೂರ್ತಿ ಶಬ್ದ ಕಟ್ಟಬೇಕು. ಪರೀಕ್ಷೆಯ ದಿನ ಪರದೆ ಆರಿಸುತ್ತಾರೆ. ಆ ಗೇಮನ್ನು ಹಿಂದೆಂದೂ ನೋಡದವರೊಬ್ಬರು ಹೆಡ್‌ಫೋನು ಹಾಕಿಕೊಂಡು, ಶತ್ರು ಎಡದಿಂದ ಬಂದನೋ ಬಲದಿಂದ ಬಂದನೋ ಎಂದು ಸದ್ದಿನಿಂದಲೇ ಅರಿತು ಬದುಕಿ ಉಳಿಯಬೇಕು. ಅವರು ಸತ್ತರೆ ವಿದ್ಯಾರ್ಥಿಯೂ ಸತ್ತಂತೆ.

ಸುತ್ತಿಗೆ ಇದಕ್ಕೊಂದು ಉಪಾಯ ಹೂಡಿದ್ದಳು. ಬಲಗಡೆಯ ಶತ್ರುಗಳ ಸದ್ದನ್ನು ಹೆಡ್‌ಫೋನು ನೆಟ್ಟಗೆ ಹಾಕಿಕೊಂಡು ಕೂರಿಸುವುದು. ಆಮೇಲೆ ಅದನ್ನೇ ತಿರುಗಿಸಿ ಹಾಕಿ, ಎಡಗಡೆಯ ಸದ್ದನ್ನು ಒಳ್ಳೆಯ ಕಿವಿಗೆ ಬರಿಸಿಕೊಂಡು ಎಡದ ಶತ್ರುಗಳನ್ನು ಕೂರಿಸುವುದು. ಹೆಡ್‌ಫೋನಿನ ಮೇಲಿದ್ದ ಎಡ ಬಲದ ಗುರುತು ಬೆವರಿಗೆ ಅಳಿಸಿಹೋಗಿದ್ದರಿಂದ ಬಲದ ಬಟ್ಟಲಿಗೆ ಒಂದು ತುಂಡು ಬಿಳಿ ಟೇಪು ಅಂಟಿಸಿದ್ದಳು. ಅವಳ ಪದವಿ ನಿಂತಿದ್ದುದು ಆ ಟೇಪಿನ ಮೇಲೆ.

ಅಂತಿಮ ಗೇಮಿಗೆ ಬೇಕಾದ ಏಟುಗಳಿಗಾಗಿ ಅವಳು ಅಪ್ಪನ ಜಿಮ್ಮಿಗೇ ಮೈಕು ಹೊತ್ತು ತಂದಳು. ಗುದ್ದುವುದಕ್ಕೆ ಸಿಡಿಲು, ಅಷ್ಟು ಹೊತ್ತಿಗೆ ಅವಳು ಊರಿನ ಚಾಂಪಿಯನ್. ಗುಜರಿಯಿಂದ ತಂದ ಕಾರಿನ ಬಾಗಿಲು, ಕುಂಬಳಕಾಯಿ, ಹಳೇ ಕಪಾಟು, ಎಲ್ಲವೂ ಅಂದು ಅವಳ ಮುಷ್ಟಿಗೆ ಸಿಕ್ಕಿ ಸದ್ಗತಿ ಪಡೆದವು. ಕುಂಬಳಕಾಯಿಯ ಕರುಳು ಗೋಡೆಯ ಮೇಲಿದ್ದ ಅಪ್ಪನ ಯೌವನದ ಫೋಟೋಗೆ ಮೆತ್ತಿಕೊಂಡಿತು.

"ಅಕ್ಕ, ಕಪಾಟಿಗೆ ಇನ್ನೊಂದು ಬಿಡ್ಲಾ?" ಸಿಡಿಲು ಅಕ್ಕನ ಎಡಗಡೆ ನಿಂತು ಕೇಳಿದಳು. ಸುತ್ತಿಗೆ ಮೈಕಿನ ತಂತಿ ಸುತ್ತುತ್ತಲೇ ಇದ್ದಳು. "ಅಕ್ಕ! ನಿನ್ನೇ ಕೇಳ್ತಿರೋದು!"

"ಏನೇ, ಕಿರುಚ್ತೀಯ?"

"ಮತ್ತೇನು ಮಾಡ್ಲಿ? ಯೂನಿವರ್ಸಿಟಿ ಸೇರಿದ್ಮೇಲೆ ನಿನಗೆ ನಾವೆಲ್ಲ ಸೊಳ್ಳೆ. ಮಾತಾಡಿದ್ರೂ ಕೇಳಿಸಲ್ಲ."

"ಸೊಳ್ಳೆ ಆದ್ರೆ ಕೇಳಿಸ್ತಿತ್ತು. ಸುಮ್ನೆ ಹೊಡಿ."

ಸಿಟ್ಟಿನಲ್ಲಿ ಹೊಡೆದ ಆ ಏಟಿಗೆ ಕಪಾಟು ಮಲಗಿತು. ಸಿಡಿಲಿನ ಗಿಣ್ಣು ಸುಲಿಯಿತು. ಅಕ್ಕ ಕಾರಿನ ಬಾಗಿಲನ್ನು ಹೊರಗೆ ಎಳೆದುಕೊಂಡು ಹೋಗಿದ್ದಾಗ ಸಿಡಿಲು ಸುತ್ತ ನೋಡಿದಳು. ಹೆಡ್‌ಫೋನಿನ ಮೇಲೆ ಚಂದದ ಟೇಪು ಕಂಡಿತು. ಕಿತ್ತು ಗಿಣ್ಣಿಗೆ ಸುತ್ತಿಕೊಂಡಳು. ಆಮೇಲೆ ಪಾಪಪ್ರಜ್ಞೆ ಕಾಡಿ, ಅಪ್ಪನ ಪೆಟ್ಟಿಗೆಯಿಂದ ಹೊಸ ತುಂಡು ತಂದು, ಅಲಂಕಾರಕ್ಕೆ ಯಾವ ಕಡೆಯಾದರೇನು ಎಂದು ಇನ್ನೊಂದು ಬಟ್ಟಲಿಗೆ ಅಂಟಿಸಿದಳು. ಮೊದಲ ಸಲ ಮುಷ್ಟಿಯಿಂದ ಹೊಡೆದ ಅಕ್ಕನ ಕಿವಿಯನ್ನು ಎರಡನೆಯ ಸಲ ಟೇಪಿನಿಂದ ಹೊಡೆದಳು.

ಸುತ್ತಿಗೆ ಆ ಟೇಪನ್ನು ನಂಬಿಯೇ ಶತ್ರುಗಳನ್ನೆಲ್ಲ ಕೂರಿಸಿದಳು. ಪರೀಕ್ಷೆಯ ದಿನ ಸಿಡಿಲೂ ಬಂದಿದ್ದಳು, ತನ್ನ ಮುಷ್ಟಿಯ ಕೀರ್ತಿಯನ್ನು ಕಿವಿಯಾರೆ ಕೇಳುವುದಕ್ಕೆ. ಶ್ ಮೇಷ್ಟ್ರು ಬಾಗಿಲ ಬಳಿ ನಿಂತಿದ್ದವರನ್ನೆಲ್ಲ ನೋಡಿ ಅವಳತ್ತ ಬೆರಳು ಮಾಡಿದರು. "ಈ ಗೇಮು ನೋಡಿದ್ದೀಯೇನಮ್ಮ? ಇಲ್ವಾ? ಹಾಗಾದ್ರೆ ಬಾ, ಕೂತ್ಕೋ."

ವಿಭಾಗದ ಹೆಡ್‌ಫೋನು ಅವಳ ತಲೆಗೇರಿತು, ಕೈಗೆ ಕಂಟ್ರೋಲರು ಬಂತು. ಒಳಗಿನ ಸದ್ದು ಎಲ್ಲರಿಗೂ ಕೇಳಲೆಂದು ಸ್ಪೀಕರನ್ನೂ ಜೋಡಿಸಿದ್ದರು. ಪರದೆ ಕಪ್ಪಾಯಿತು.

ಬಲಗಡೆ ಸರಪಳಿ ಕಿರುಗುಟ್ಟಿತು. ಸಿಡಿಲು ಬಲಕ್ಕೆ ಒಂದು ಬಿಟ್ಟಳು. ಗಾಳಿ. ಸರಪಳಿಯವನು ಎಡಗಡೆಯಿಂದ ಬಂದು ಅವಳ ದವಡೆ ಕಳಚಿದ. "ಎಲ್ಲಿಂದ ಬಂದ್ಯೋ ಕಳ್ಳ!" ಎಡಗಡೆ ಕಬ್ಬಿಣದ ಸರಳು ನೆಲಕ್ಕೆ ಉಜ್ಜಿಕೊಂಡು ಬಂತು, ಅವಳು ಎಡಕ್ಕೆ ಕೈ ಅಡ್ಡ ಹಿಡಿದಳು. ಸರಳು ಬಲ ಪಕ್ಕೆಯನ್ನು ಪುಡಿಗಟ್ಟಿತು. ಒಣ ಬಿದಿರು ಲಟಲಟನೆ ಮುರಿಯಿತು, ಒದ್ದೆ ಟವೆಲ್ಲು ಬಡಿಯಿತು, ಸೀಬೆಹಣ್ಣು ಪಿಚಕ್ಕೆಂದಿತು. ಸತ್ತಳು, ಎದ್ದಳು, ಮತ್ತೆ ಸತ್ತಳು. ಊರಿನ ಚಾಂಪಿಯನ್ನು ಕುರ್ಚಿಯಲ್ಲಿ ಕೂತು, ತಾನೇ ಹೊಡೆದುಕೊಟ್ಟ ಏಟುಗಳಿಂದ ತಾನೇ ಹೆಣವಾಗುತ್ತಿದ್ದಳು. ಸುತ್ತಿಗೆಯ ಮುಖ ಸುಣ್ಣ ಬಳಿದ ಗೋಡೆಯಂತಾಯಿತು.

"ತಡಿ," ಎಂದಳು ಸಿಡಿಲು ಹಲ್ಲು ಕಡಿಯುತ್ತ. ಹೆಡ್‌ಫೋನು ತೆಗೆದು ತಿರುಗಿಸಿ ಹಾಕಿಕೊಂಡಳು.

ಆಮೇಲೆ ನಡೆದದ್ದು ಬರೀ ಸಂಹಾರ. ಸರಪಳಿಯವನ ಕತ್ತಿಗೆ ಅವನ ಸರಪಳಿಯೇ ಸುತ್ತಿತು. ಸರಳಿನವನ ಮಂಡಿ ಹಿಮ್ಮುಖವಾಗಿ ಮಡಚಿಕೊಂಡಿತು. ಕೊನೆಗೆ ಬಂದ ದಢೂತಿಯ ತಲೆ ಎಲೆಕೋಸಿನ ಹಾಗೆ ಬಿರಿಯಿತು, ಅದು ಎಲೆಕೋಸೇ ಆಗಿತ್ತು. ಗುಂಗುರು ಎದ್ದು ನಿಂತು ಚಪ್ಪಾಳೆ ಹೊಡೆದ. ಮೇಷ್ಟ್ರು ಹೊಡೆಯಲಿಲ್ಲ.

"ಎಡ ಬಲ ಪೂರ್ತಿ ಅದಲುಬದಲು," ಎಂದರು. "ಮೊದಲ ವರ್ಷದವರೂ ಮಾಡಲ್ಲ ಇಂಥ ತಪ್ಪು."

"ಇಲ್ಲ ಸರ್, ಟೇಪು..." ಸುತ್ತಿಗೆ ತನ್ನ ಹೆಡ್‌ಫೋನು ಎತ್ತಿ ನೋಡಿದಳು.

"ಅಯ್ಯೋ, ಆ ಟೇಪು ನಾನು ಅಂಟಿಸಿದ್ದು," ಎಂದಳು ಸಿಡಿಲು. "ಅದು ಎಡ ಬಲದ ಗುರುತಾ? ಅದಕ್ಯಾಕೆ ಟೇಪು? ಹಾಕ್ಕೊಂಡು ಕೇಳಿದ್ರೆ ಯಾರಿಗಾದ್ರೂ ಗೊತ್ತಾಗುತ್ತಲ್ಲ. ನನಗೇ ಗೊತ್ತಾಯ್ತು."

ಸುತ್ತಿಗೆ ತಲೆಗೂದಲನ್ನು ಎಡಗಿವಿಯ ಮೇಲೆ ಎಳೆದುಕೊಂಡು ಟೇಪಿನ ಕಡೆ ಬಗ್ಗಿದಳು. ಸಿಡಿಲಿನ ಹುಬ್ಬು ನಿಧಾನವಾಗಿ ಗಂಟಿಕ್ಕಿತು. ಅವಳು ಎದ್ದು, ಸದ್ದಿಲ್ಲದೆ ಅಕ್ಕನ ಎಡಗಡೆ ಹೋಗಿ ನಿಂತು, ತಗ್ಗಿದ ದನಿಯಲ್ಲಿ ಹೇಳಿದಳು: "ಅಕ್ಕ, ಕಾಲ ಹತ್ರ ಹಾವು."

ಗುಂಗುರು ಬೆಂಚಿನ ಮೇಲೆ ಹಾರಿದ. ಮೇಷ್ಟ್ರು ಕಾಲೆತ್ತಿದರು. ಸುತ್ತಿಗೆ ಮಾತ್ರ ಟೇಪನ್ನೇ ನೋಡುತ್ತ ಕೂತಿದ್ದಳು.

ಸಿಡಿಲು ಸುತ್ತಿಬಂದು ಎದುರು ನಿಂತಳು. "ಯಾವಾಗಿಂದ?"

"ಏನು ಯಾವಾಗಿಂದ?"

"ನಾಟಕ ಬೇಡ. ಆ ಹುಕ್ಕಾ? ನಂದಾ?"

"ಮತ್ತೆ ಇನ್ಯಾರದು, ಪೋಸ್ಟ್‌ಮ್ಯಾನ್‌ದಾ?"

"ಅವತ್ತು ಅಪ್ಪ ನನ್ನ ಬೆನ್ನು ತಟ್ಟಿದ್ರು ಕಣೇ!" ಎಂದವಳೇ ಅಳುತ್ತ ಅಕ್ಕನ ಎಡಭುಜಕ್ಕೆ ಒಂದು ಗುದ್ದಿದಳು. ಕುರ್ಚಿ ಸಮೇತ ಸುತ್ತಿಗೆ ಗೋಡೆಗೆ ಹೋಗಿ ಕೂತಳು.

ಸುತ್ತಿಗೆ ಅಲ್ಲಿಂದಲೇ ಮೇಷ್ಟ್ರನ್ನು ಕೇಳಿದಳು: "ಸರ್, ನಾನು ಚಿತ್ರಕಲೆಗೆ ಹೋಗ್ಬೇಕಾ?"

ಮೇಷ್ಟ್ರು ಬಹಳ ಹೊತ್ತು ಕನ್ನಡಕ ಒರೆಸಿದರು. "ಶಬ್ದ ಕಟ್ಟೋ ಹೆಡ್‌ಫೋನು ಸ್ವಂತದ್ದಿರಬೇಕು ಅಂತ ನಿಯಮ ಇದೆ. ಕಿವಿ ಎಷ್ಟಿರಬೇಕು ಅಂತ ಬರೆಯೋಕೆ ಯಾರಿಗೂ ಹೊಳೆದಿಲ್ಲ. ನಾನು ಮೊದಲ ದಿನ ಹೇಳಿದ್ದು ನಿಯಮ ಅಲ್ಲ, ಬರೀ ಜಂಬ. ಆದ್ರೆ ಪರೀಕ್ಷೆ ಪರೀಕ್ಷೆನೇ. ಏಟಿಗೆ ನೂರಕ್ಕೆ ನೂರು, ದಿಕ್ಕಿಗೆ ಸೊನ್ನೆ. ಇನ್ನೊಂದು ಅವಕಾಶ, ಹೊಸ ಗೇಮು. ಈ ಸಲ ಶತ್ರು ಒಂದೇ ಕಡೆ ನಿಲ್ಲೋ ಹಾಗಿಲ್ಲ. ಆಟಗಾರನ ಸುತ್ತ ಸುತ್ತಬೇಕು."

ಸುತ್ತುವ ಶತ್ರುವಿಗೆ ತಿರುಗಿಸಿ ಹಾಕುವ ಹೆಡ್‌ಫೋನು ಉಪಯೋಗವಿಲ್ಲ. ಅವನು ಬಲದಿಂದ ಎಡಕ್ಕೆ ದಾಟುವಾಗ ಎರಡನ್ನೂ ಒಟ್ಟಿಗೆ ಕೇಳಬೇಕು. ಸುತ್ತಿಗೆ ಮನೆಯ ಮಹಡಿಯಲ್ಲಿ ಕೈಚೆಲ್ಲಿ ಕೂತಳು. ಕೆಳಗೆ ಜಿಮ್ಮಿನಲ್ಲಿ ಅದಕ್ಕಿಂತ ದೊಡ್ಡ ಅನಾಹುತ. ಸಿಡಿಲು ಹುಕ್ಕು ಹೊಡೆಯುವುದನ್ನೇ ಬಿಟ್ಟಿದ್ದಳು. ಬಲಗೈ ಎತ್ತಿದರೆ ಸಾಕು, ಎದುರಿನವಳ ಕಿವಿ ಕಾಣುತ್ತಿತ್ತಂತೆ. ಕಿವಿಯ ಸುದ್ದಿ ತಿಳಿದ ಅಪ್ಪ ಗಂಟೆಯನ್ನು ತಬ್ಬಿಕೊಂಡು ಕೂತಿದ್ದರು. "ಹೊಡಿ" ಎನ್ನಲು ಬಾಯಿ ಬರುತ್ತಿರಲಿಲ್ಲ, ದೊಡ್ಡ ಮಗಳ ಮುಖ ನೋಡಲು ಕಣ್ಣು ಬರುತ್ತಿರಲಿಲ್ಲ.

ಸುತ್ತಿಗೆ ಮೆಟ್ಟಿಲಿಳಿದು ಬಂದು ತಂಗಿಯ ಕೈ ಹಿಡಿದು ಎಳೆದಳು. "ಬಾ ಇಲ್ಲಿ. ನನ್ನ ಎಡಗಡೆ ಕೂತ್ಕೋ. ಹೆಡ್‌ಫೋನು ನೀನೂ ಒಂದು ಹಾಕ್ಕೋ. ಎಡಗಡೆ ಸದ್ದು ಬಂದಾಗೆಲ್ಲ ನನ್ನ ಭುಜಕ್ಕೆ ಗುದ್ದು. ಸಣ್ಣ ಸದ್ದಾದ್ರೆ ಸಣ್ಣದು, ದೊಡ್ಡದಾದ್ರೆ ದೊಡ್ಡದು."

"ಹುಚ್ಚಾ ನಿನಗೆ? ನಾನು ಹೊಡೆಯಲ್ಲ."

"ಕಿವಿ ಕಿತ್ತೋಳು ನೀನು. ಕಿವಿ ಆಗು ಈಗ."

ಮೊದಲ ಗುದ್ದು ಬೆಣ್ಣೆ ಸವರಿದಂತೆ ಬಂತು. "ಇದೇನಿದು, ಇರುವೆನಾ?" ಎಂದು ಗದರಿದಳು ಸುತ್ತಿಗೆ. "ಅಲ್ಲಿ ಬರ್ತಿರೋನು ಕೊಡಲಿ ಹಿಡ್ಕೊಂಡಿದ್ದಾನೆ ಕಣೇ! ಕೇಳಿಸ್ತಿಲ್ಲ ನನಗೆ! ಜೋರಾಗಿ!" ಸಿಡಿಲು ಕಣ್ಣುಮುಚ್ಚಿ ಒಂದು ಬಿಟ್ಟಳು. "ಹಾಂ, ಇವಾಗ ಬಂದ ನೋಡು ಗಂಡಸು. ಇವನನ್ನ ಇನ್ನೂ ಸ್ವಲ್ಪ ದೂರಕ್ಕೆ ತಳ್ತೀನಿ."

ಹಾಗೆ ಆ ಗೇಮು ಕಟ್ಟಿಕೊಂಡಿತು, ಗುದ್ದಿಗೊಂದು ಹೆಜ್ಜೆಯಂತೆ. ಸುತ್ತಿಗೆಯ ಎಡಭುಜ ಮೊದಲು ಕೆಂಪಾಯಿತು, ಆಮೇಲೆ ನೀಲಿ, ಆಮೇಲೆ ಹೆಸರಿಲ್ಲದ ಒಂದು ಬಣ್ಣ. ಸಿಡಿಲಿನ ಬಲಗೈ ಮಾತ್ರ ದಿನದಿಂದ ದಿನಕ್ಕೆ ಮೊದಲಿನಂತಾಯಿತು. ಅಪ್ಪ ಒಮ್ಮೆ ಮೆಟ್ಟಿಲ ಬಳಿ ಇಣುಕಿದರು. ಬೆನ್ನು ತಟ್ಟಲು ಎತ್ತಿದ ಕೈಯನ್ನು ಈ ಸಲ ಯಾರ ಕಡೆ ಚಾಚಬೇಕೆಂದು ತಿಳಿಯದೆ ತಮ್ಮ ತಲೆಯನ್ನೇ ಸವರಿಕೊಂಡು ಹೋದರು.

ಎರಡನೆಯ ಕತ್ತಲ ಪರೀಕ್ಷೆಗೆ ಮೇಷ್ಟ್ರು ತಾವೇ ಕೂತರು. ಕೊಡಲಿಯವನು ಬಲಗಡೆ ಕೆಮ್ಮಿದ, ಬೆನ್ನ ಹಿಂದೆ ಬೂಟು ಕಿರುಗುಟ್ಟಿಸಿದ, ಸುತ್ತಿದ. ಮೇಷ್ಟ್ರು ಒಂದು ಸಲ ತಪ್ಪಿಸಿಕೊಂಡರು, ಇನ್ನೊಂದು ಸಲ ತಿರುಗಿ ಅವನ ಮಣಿಕಟ್ಟು ಮುರಿದರು, ಇರುವೆ ದಾಟುವ ಮನುಷ್ಯ "ಸಾಯಿ, ಸಾಯಿ!" ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಎಡಗಿವಿಯ ಬುಡದಲ್ಲೇ ಗಾಳಿ ಸೀಳಿತು. ಮೇಷ್ಟ್ರು ನಿಜವಾಗಿಯೇ ತಲೆ ತಗ್ಗಿಸಿ ಬಲಕ್ಕೆ ಎಗರಿ, ಕುರ್ಚಿಯಿಂದ ದೊಪ್ಪನೆ ನೆಲಕ್ಕೆ ಬಿದ್ದರು. ಕಂಟ್ರೋಲರು ಕೈಯಲ್ಲೇ ಇತ್ತು. ಬಿದ್ದಲ್ಲಿಂದಲೇ ಕೊಡಲಿಯವನನ್ನು ಮುಗಿಸಿದರು. ಗೆದ್ದ ಗಂಟೆ ಮೊಳಗಿತು. ಅದು ಅಪ್ಪನ ಊಟದ ಗಂಟೆ.

"ಪಾಸು," ಎಂದರು ಮೇಷ್ಟ್ರು ನೆಲದ ಮೇಲೆ ಕನ್ನಡಕ ತಡಕಾಡುತ್ತ. "ಪಾಸು! ಆದ್ರೆ ಆ ಕೊನೇ ಏಟು... ಎಡಗಡೆ ಯಾರಮ್ಮ ಅದು?"

ಬಾಗಿಲ ಬಳಿ ನಿಂತಿದ್ದ ಸಿಡಿಲು, ಶಾಲೆಯ ಹುಡುಗಿಯ ಹಾಗೆ, ಬಲಗೈ ಎತ್ತಿದಳು.